ತಿಮ್ಮಮ್ಮನ ಮೊಳ

ಮೈಸೂರಿನ ಒಂಟಿಕೊಪ್ಪಲಿನ ಮೂರನೇ ಮೇನಿನಲ್ಲಿ ಒಂದು ಕಾಲಕ್ಕೆ ಎರಡು ಬಗೆಯ ಮೊಳಗಳಿದ್ದವು. ಒಂದು ಊರಿನ ಮೊಳ, ಇನ್ನೊಂದು ತಿಮ್ಮಮ್ಮನ ಮೊಳ. ಊರಿನ ಮೊಳದಲ್ಲಿ ಹೂ ಕೊಂಡರೆ ಒಂದು ದೇವರ ಪಟಕ್ಕೆ ಸಾಲುತ್ತಿತ್ತು, ಪಕ್ಕದ ಪಟದ ದೇವರು ಮುಖ ಊದಿಸಿಕೊಂಡು ಕೂರಬೇಕಾಗುತ್ತಿತ್ತು. ತಿಮ್ಮಮ್ಮನ ಮೊಳದಲ್ಲಿ ಎರಡೂ ದೇವರಿಗೆ ಆಗಿ, ಮನೆಯ ಮಗಳ ಜಡೆಗೊಂದು ತುಂಡು ಮಿಗುತ್ತಿತ್ತು. ಇದೇನೂ ಬಣ್ಣ ಕಟ್ಟಿದ ಮಾತಲ್ಲ. ಆ ಬೀದಿಯ ಯಾವ ಹಳೇ ಮನೆಯ ಬಾಗಿಲು ತಟ್ಟಿ ಕೇಳಿದರೂ ಹೇಳುತ್ತಾರೆ.

ಮಾಲೆಯ ಒಂದು ತುದಿಯನ್ನು ಮೊಣಕೈಗೆ ಒತ್ತಿ, ನಡುಬೆರಳ ತುದಿಯವರೆಗೆ ಎಳೆದರೆ ಒಂದು ಮೊಳ. ಅದರ ಮೇಲೆ ನಾಲ್ಕು ಹೂ ಕೊಸರು. ತಕ್ಕಡಿಗಾದರೆ ಸರ್ಕಾರದವರು ವರ್ಷಕ್ಕೊಮ್ಮೆ ಬಂದು ಮುದ್ರೆ ಒತ್ತುತ್ತಾರೆ. ಹೂವಿನವಳ ಕೈಗೆ ಯಾರು ಮುದ್ರೆ ಒತ್ತಬೇಕು? ಅವಳ ಮಾನವೇ ಅದಕ್ಕೆ ಮುದ್ರೆ. ತಿಮ್ಮಮ್ಮ ಆಳು ಎತ್ತರ, ಅದಕ್ಕೆ ತಕ್ಕ ಉದ್ದದ ಕೈ, ಕೈಗೆ ತಕ್ಕ ಬೆರಳು. ಮೂವತ್ತೇಳು ವರ್ಷದಿಂದ ಅದೇ ಹೊಂಗೆ ಮರದ ಕೆಳಗೆ, ಅದೇ ಕಾಂಪೌಂಡಿನ ಮಗ್ಗುಲಲ್ಲಿ ಬುಟ್ಟಿ ಇಟ್ಟುಕೊಂಡು ಕೂತವಳು ಅವಳು.

ಆ ಕೈಗೆ ನೋವು ಬಂದು ಹತ್ತೊಂಬತ್ತು ವರ್ಷವಾಯಿತು. ಮೊದಲು ಬೆಳಗಿನ ಹೊತ್ತು ಬೆರಳು ಮಡಚದಾಯಿತು. ಹೂವಿಗೆ ಚಿಮುಕಿಸುವ ತಣ್ಣೀರಿನ ಕಾಟ ಅಂದುಕೊಂಡಳು. ಆಮೇಲೆ ಮಣಿಕಟ್ಟು ಊದಿತು, ಮಂಡಿ ಊದಿತು, ಹಿಮ್ಮಡಿ ನೆಲಕ್ಕೆ ಊರಿದರೆ ಕಣ್ಣಲ್ಲಿ ನೀರು ಬರತೊಡಗಿತು. ಬದನೆಕಾಯಿ ಬಿಡು ಎಂದರು ಒಬ್ಬರು. ಹುಣಸೆಹುಳಿ ಬಿಡು ಎಂದರು ಇನ್ನೊಬ್ಬರು. ಮೊಸರು, ಆಲೂಗಡ್ಡೆ, ಉದ್ದಿನಬೇಳೆ, ಹೇಳಿದ್ದನ್ನೆಲ್ಲ ಬಿಟ್ಟಳು. ನೋವು ಮಾತ್ರ ಅವಳನ್ನು ಬಿಡಲಿಲ್ಲ. ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರು ಬೆರಳುಗಳನ್ನೆಲ್ಲ ಒತ್ತಿ ನೋಡಿ, "ಇದು ಕೀಲುವಾತ ಕಣಮ್ಮ. ಪೂರ್ತಿ ವಾಸಿಯಾಗಲ್ಲ, ಮಾತ್ರೆ ತಗೊಂಡು ಹದ್ದುಬಸ್ತಲ್ಲಿ ಇಟ್ಕೋಬೇಕು" ಎಂದರು.

"ಮೊದ್ಲೇ ಹೇಳೋದಲ್ವಾ ಸಾಮಿ, ಬದ್ನೆಕಾಯಿನಾದ್ರೂ ತಿಂತಿದ್ದೆ" ಎಂದಳು ತಿಮ್ಮಮ್ಮ.

ಅವಳು ಆ ನೋವಿಗೆ ದೊಡ್ಡತ್ತೆ ಎಂದು ಹೆಸರಿಟ್ಟಿದ್ದಳು. ಗಂಡನ ದೊಡ್ಡತ್ತೆಯೊಬ್ಬಳು ಹಿಂದೆ ಎಂಟು ದಿನಕ್ಕೆಂದು ಬಂದು ಎಂಟು ವರ್ಷ ಮನೆಯಲ್ಲಿ ಕೂತಿದ್ದಳಂತೆ. ಎಲ್ಲರಿಗಿಂತ ಮೊದಲು ಏಳುವಳು, ಯಾವುದಕ್ಕೂ ಸಮಾಧಾನವಿಲ್ಲ, ಹೊರಗೆ ಹಾಕುವ ಹಾಗೂ ಇಲ್ಲ. ಮುಂಜಾನೆ ಐದಕ್ಕೆ ಎದ್ದು ಬಿಸಿನೀರಿನ ಬಕೆಟ್ಟಿಗೆ ಎರಡೂ ಕೈ ಇಳಿಬಿಟ್ಟು ಕೂತ ಹೆಂಡತಿಯನ್ನು ಮಹದೇವಯ್ಯ ದಿನಾ ವಿಚಾರಿಸುತ್ತಿದ್ದ.

"ಏನಂತಾಳೆ ಇವತ್ತು ದೊಡ್ಡತ್ತೆ?"

"ಎದ್ದವ್ಳೆ. ಇನ್ನೂ ಬಾಯ್ ತೆಗ್ದಿಲ್ಲ."

ಏಳು ಗಂಟೆಯ ಹೊತ್ತಿಗೆ ಬೆರಳು ಸಡಿಲವಾಗುತ್ತಿತ್ತು. ಲೋಟವನ್ನು ಎರಡು ಅಂಗೈ ನಡುವೆ ಇಟ್ಟುಕೊಂಡು ಕಾಫಿ ಕುಡಿಯುವಳು. ಸೊಸೆ ಸುಷ್ಮಿತಾ ರವಿಕೆಯ ಹುಕ್ಕು ಹಾಕಿ, ತಲೆ ಬಾಚಿ ತುರುಬು ಕಟ್ಟುವಳು. ಎಂಟಕ್ಕೆ ಮಹದೇವಯ್ಯ ಅವಳನ್ನೂ ಬುಟ್ಟಿಯನ್ನೂ ಸ್ಕೂಟರಿನಲ್ಲಿ ಪಡುವಾರಹಳ್ಳಿಯ ಮನೆಯಿಂದ ಹೊಂಗೆ ಮರಕ್ಕೆ ತಲುಪಿಸುವನು. ಮಂಡಿ ಮಡಚಲಾರದಾದ ಮೇಲೆ ಚಾಪೆ ಹೋಗಿ ಪ್ಲಾಸ್ಟಿಕ್ ಕುರ್ಚಿ ಬಂದಿತ್ತು. ಬೆರಳು ದಾರ ಹಿಡಿಯದಾದ ಮೇಲೆ ಕಟ್ಟುವ ಕೆಲಸ ಸುಷ್ಮಿತಾಳಿಗೆ ಹೋಗಿತ್ತು. ಭಾನುವಾರ ರಾತ್ರಿ ವಾರದ ಮಾತ್ರೆ ನುಂಗಿದರೆ ಸೋಮವಾರವೆಲ್ಲ ಹೊಟ್ಟೆ ತೊಳಸು, ಕಾಫಿ ವಾಸನೆ ಕೂಡ ಆಗದು. ಆದರೂ ಸೋಮವಾರ ಅವಳು ತಪ್ಪಿಸಿದವಳಲ್ಲ. ಮಲ್ಲಿಗೆಯ ವಾಸನೆಯೊಂದು ಯಾವ ಸೋಮವಾರವೂ ಅವಳಿಗೆ ಕಹಿಯಾಗಿರಲಿಲ್ಲ.

ಕುರ್ಚಿಯಲ್ಲಿ ಕೂತರೆ ಅವಳಿಗೆ ಬೀದಿಯೇ ಮನೆ. ಹೂ ಕೊಳ್ಳುವವರ ಮನೆಯ ಸುದ್ದಿ ನೆಂಟರಿಗಿಂತ ಮೊದಲು ಹೂವಿನವಳಿಗೆ ಗೊತ್ತಾಗುತ್ತದೆ. ಯಾರ ಮನೆಗೆ ಹೆಣ್ಣು ನೋಡಲು ಬರುತ್ತಾರೆ, ಯಾವ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ, ಯಾರಿಗೆ ದಿನ ತುಂಬಿದೆ, ಎಲ್ಲ ಅಲ್ಲಿಗೆ ಬರಬೇಕು. ಅವಳ ಬಾಯಲ್ಲಿ ಕುದುರಿದ ಮದುವೆಗಳೇ ನಾಲ್ಕಿದ್ದವು.

ಕುವೆಂಪುನಗರದ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆಗಿದ್ದ ಮಗ ಚಂದ್ರುವಿಗೆ ಮಾತ್ರ ಅವ್ವ ಬಿಸಿಲಲ್ಲಿ ಕೂರುವುದು ಇಷ್ಟವಿರಲಿಲ್ಲ. "ಜನ ನನ್ನ ಏನಂದ್ಕೊತಾರೆ? ಆ ಕೈ ಇಟ್ಕೊಂಡು ಇನ್ನೂ ಯಾಕವ್ವ? ಮನೇಲಿ ಆರಾಮಾಗಿರು" ಎಂದು ಮೂರು ವರ್ಷದ ಹಿಂದೆ ಹಟ ಹಿಡಿದಿದ್ದ. ಆಗ ತಿಮ್ಮಮ್ಮ ಒಂದು ಮಾತು ಕೊಟ್ಟಿದ್ದಳು.

"ಯಾವತ್ತು ಒಬ್ರು, ಒಬ್ರೇ ಒಬ್ರು, ಬಂದು ನಿನ್ನ ಹೂವ ಸರಿಯಿಲ್ಲ ಅಂತಾರೋ, ಅವತ್ತೇ ಬುಟ್ಟಿ ಎತ್ಬುಡ್ತೀನಿ ಕಣೋ. ಅಲ್ಲೀಗಂಟ ನೀನು ಬಾಯಿ ಮುಚ್ಕೊಂಡಿರಬೇಕು."

ಹೀಗೆ ಧೈರ್ಯವಾಗಿ ಹೇಳಲು ಕಾರಣವಿತ್ತು. ಅವಳಿಗೆ ಹೂ ಅಳೆಯುವುದನ್ನು ಕಲಿಸಿದವಳು ಅತ್ತೆ ಚೆಲುವಮ್ಮ. ಗಿಡ್ಡ ಹೆಂಗಸು, ಗಿಡ್ಡ ಕೈ. ತಿಮ್ಮಮ್ಮ ಮದುವೆಯಾಗಿ ಬಂದ ತಿಂಗಳಿಗೇ ಅತ್ತೆ ಸೊಸೆಯನ್ನು ಕತ್ತಲಲ್ಲಿ ಎಬ್ಬಿಸಿ ದೇವರಾಜ ಮಾರುಕಟ್ಟೆಗೆ ನಡೆಸಿಕೊಂಡು ಹೋದಳು. ಒದ್ದೆ ಗೋಣಿಚೀಲದ ಮೇಲೆ ಸುರಿದ ಮೈಸೂರು ಮಲ್ಲಿಗೆಯ ರಾಶಿ, ಮರುಗ, ಕನಕಾಂಬರ, ನೆನೆಹಾಕಿದ ಬಾಳೆನಾರಿನ ವಾಸನೆ, ನೂರು ಬಾಯಿಯ ಕೂಗಾಟ. ಹದಿನೆಂಟರ ಹುಡುಗಿ ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಕಾಲಿನ ಹೆಬ್ಬೆರಳಿಗೆ ನಾರು ಸಿಕ್ಕಿಸಿ ಕಟ್ಟಲು ಕೂತರೆ ಅವಳ ಬೆರಳು ಎಷ್ಟು ಬೇಗ ಓಡುತ್ತಿದ್ದವೆಂದರೆ, ಪಕ್ಕದವರು ತಮ್ಮ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಆಗ ಆ ಬೆರಳುಗಳಿಗೆ ನೋವೆಂದರೇನೆಂದೇ ಗೊತ್ತಿರಲಿಲ್ಲ. ಬೆರಳು ಇವೆ ಎನ್ನುವುದೂ ಅವಳಿಗೆ ಗೊತ್ತಿರಲಿಲ್ಲ, ಅವು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು.

ಮೊದಲ ದಿನ ಸೊಸೆ ಅಳೆದುಕೊಟ್ಟ ಮೊಳ ನೋಡಿ ಚೆಲುವಮ್ಮ ಹಣೆ ಚಚ್ಚಿಕೊಂಡಿದ್ದಳು. "ಅಯ್ಯೋ ನನ್ ಶಿವ್ನೇ, ಇವಳ್ ಕೈ ನೋಡು, ಹಗ್ಗ ಇದ್ದಂಗದೆ! ಇವಳ ಮೊಳದಲ್ಲಿ ಮಾರಿದ್ರೆ ನಾವು ಭಿಕ್ಷೆಗೆ ಹೋಗ್ಬೇಕು."

"ಬೆರಳು ಒಂಚೂರು ಮಡಿಸ್ಕೊಳ್ಳಾ ಅತ್ತೆ?" ಎಂದಿದ್ದಳು ಸೊಸೆ, ಪಾಪ, ಮನೆಯ ಮೇಲಿನ ಕಾಳಜಿಯಿಂದ.

ಚೆಲುವಮ್ಮನ ಮುಖ ಕೆಂಪಾಯಿತು. ಹೂ ಮಾರುವವರಲ್ಲಿ ಮೋಸಕ್ಕಿರುವುದು ಅದೊಂದೇ ದಾರಿ. ನಡುಬೆರಳನ್ನು ಒಂದಿಷ್ಟು ಒಳಕ್ಕೆ ಮಡಿಸಿದರೆ ಕೊಳ್ಳುವವರಿಗೆ ತಿಳಿಯುವುದಿಲ್ಲ. "ದೇವ್ರು ಕೊಟ್ಟ ಕೈನ ಕೊಟ್ಟಂಗೇ ಚಾಚ್ಬೇಕು. ಬೆರಳು ಮಡಿಸ್ದೋಳು ಹೂವಿನೋಳಲ್ಲ, ಕಳ್ಳಿ" ಎಂದು ಸೊಸೆಯ ಬೆರಳ ಮೇಲೆ ಫಟ್ಟನೆ ಹೊಡೆದಿದ್ದಳು. ಆಮೇಲೆ ಭಿಕ್ಷೆಗೇನೂ ಹೋಗಬೇಕಾಗಲಿಲ್ಲ. ಉದ್ದ ಮೊಳದ ಸುದ್ದಿ ಬೀದಿಯಿಂದ ಬೀದಿಗೆ ಹೋಗಿ ಬುಟ್ಟಿ ಹತ್ತು ಗಂಟೆಗೇ ಖಾಲಿಯಾಗತೊಡಗಿತು.

ಈಗಲೂ ವ್ಯಾಪಾರ ಚೆನ್ನಾಗಿಯೇ ಇತ್ತು. ಮೊದಲು ಒಂದು ಮೊಳ ಕೊಳ್ಳುತ್ತಿದ್ದವರು ಈಚೆಗೆ ಎರಡು ಕೇಳುತ್ತಿದ್ದರು. ತಿಮ್ಮಮ್ಮ ಅದನ್ನು ಮಗನ ಮುಂದೆ ಹೇಳಿ ಹೆಮ್ಮೆಪಟ್ಟುಕೊಳ್ಳುತ್ತಿದ್ದಳು.

ಆ ಹೆಮ್ಮೆಗೆ ಕಲ್ಲು ಬಿದ್ದದ್ದು ಕಾರ್ತಿಕದ ಒಂದು ಬೆಳಿಗ್ಗೆ. ಬೀದಿಯ ಕೊನೆಯ ಮನೆಯ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಧರಣಿ ಎಂಬ ಹುಡುಗಿ, ಕಾಲೇಜಿಗೆ ಹೋಗುತ್ತ ನೃತ್ಯ ಕಲಿಯುತ್ತಿದ್ದವಳು, ನೆಟ್ಟಗೆ ಬಂದು ಬುಟ್ಟಿಯ ಮುಂದೆ ನಿಂತಳು. ಪಕ್ಕದಲ್ಲಿ ಸುದರ್ಶನ ಮೇಷ್ಟ್ರು ಇದ್ದರು. ರಿಟೈರಾದ ಗಣಿತದ ಮೇಷ್ಟ್ರು, ಇಪ್ಪತ್ತು ವರ್ಷದ ಗಿರಾಕಿ.

"ಅಮ್ಮ, ಬೇಜಾರು ಮಾಡ್ಕೋಬೇಡಿ. ಮೊನ್ನೆ ನನ್ ಡ್ಯಾನ್ಸ್ ಇತ್ತು. ಬೇರೆ ಕಡೆ ಎರಡು ಮೊಳ ತಗೊಂಡ್ರೆ ನನ್ ತುರುಬಿಗೆ ಎರಡು ಸುತ್ತು ಬರುತ್ತೆ. ನಿಮ್ಮದು ಒಂದೂವರೆ ಸುತ್ತಿಗೇ ಮುಗ್ದೋಯ್ತು. ಸ್ಟೇಜ್ ಮೇಲೆ ಹಿಂದೆಲ್ಲಾ ಪಿನ್ ಕಾಣ್ತಿತ್ತು. ನಿಮ್ ಮೊಳ ಚಿಕ್ಕದು."

ತಿಮ್ಮಮ್ಮನಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು. "ಯಾರ್ ಮೊಳ? ನನ್ ಮೊಳವಾ? ಈ ಬೀದೀಲಿ ಕೇಳ್ನೋಡವ್ವ ಮೊದ್ಲು! ಎಲ್ಲಿ, ಚಾಚು ನಿನ್ ಕೈನ."

ಎಲ್ಲರೆದುರೇ ಒಂದು ಮೊಳ ಅಳೆದು ಕತ್ತರಿಸಿ ಹುಡುಗಿಯ ಕೈಗಿಟ್ಟಳು. ಧರಣಿ ಅದರ ತುದಿಯನ್ನು ತನ್ನ ಮೊಣಕೈಗೆ ಒತ್ತಿ ಎಳೆದಳು. ಹುಡುಗಿ ತಿಮ್ಮಮ್ಮನ ಭುಜದವರೆಗೂ ಬರುವವಳಲ್ಲ. ಅಂಥವಳ ಪುಟ್ಟ ಕೈಯಲ್ಲೂ ಹೂ ಬೆರಳಿನ ಬುಡಕ್ಕೇ ನಿಂತುಬಿಟ್ಟಿತು. ಮುಂದಕ್ಕೆ ನಡುಬೆರಳು ಬರಿದಾಗಿ ಚಾಚಿಕೊಂಡಿತ್ತು.

ತಿಮ್ಮಮ್ಮ ತನ್ನ ಕೈ ನೋಡಿಕೊಂಡಳು. ದಿನಾ ನೋಡುವ ಕೈಯೇ. ಆದರೆ ಅವತ್ತು ಪಕ್ಕದಲ್ಲಿ ಇನ್ನೊಂದು ಕೈ ಇತ್ತು. ಮಣಿಕಟ್ಟು ಬಾಗಿ, ಗಂಟುಗಟ್ಟಿದ ಬೆರಳುಗಳು ಕಿರುಬೆರಳ ಕಡೆಗೆ ವಾಲಿ, ತುದಿಗಳು ಒಳಕ್ಕೆ ಸೊಟ್ಟಗಾಗಿದ್ದವು. ಚಾಚಲು ನೋಡಿದಳು, ಆಗಲಿಲ್ಲ. ಎಡಗೈಯ ಜಾತಕವೂ ಅದೇ. ನೋವನ್ನು ಪ್ರತಿದಿನ ಅಳೆದಿದ್ದಳು, ಕೈಯನ್ನು ಒಂದು ದಿನವೂ ಅಳೆದಿರಲಿಲ್ಲ. ಮೊಳವೇ ಕುಗ್ಗುತ್ತ ಹೋದರೆ ಕುಗ್ಗಿದ್ದು ಅಳೆಯುವವಳಿಗೆ ತಿಳಿಯುವುದಾದರೂ ಹೇಗೆ?

ಅವಳು ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಹೊಂಗೆ ಮರದ ಕೊಂಬೆಯಲ್ಲಿ ಏನನ್ನೋ ಹುಡುಕುತ್ತಿದ್ದರು. ಅಲ್ಲಿ ಏನೂ ಇರಲಿಲ್ಲ.

"ತಪ್ಪಾಯ್ತು ಕಣವ್ವ" ಎಂದು ತಿಮ್ಮಮ್ಮ ಬುಟ್ಟಿಯಲ್ಲಿದ್ದ ಕಟ್ಟಿದ ಹೂವಿನ ಇಡೀ ಉಂಡೆಯನ್ನು ಧರಣಿಯ ಕೈಗೆ ಹಾಕಿದಳು. ಗಂಡನಿಗೆ ಫೋನ್ ಮಾಡಿಸಿ, ಒಂಬತ್ತು ಗಂಟೆಗೇ ಬುಟ್ಟಿ ಎತ್ತಿದಳು.

ಮಹದೇವಯ್ಯ ಆ ಬಡಾವಣೆಗೆ ಮೂವತ್ತು ವರ್ಷ ನೀರು ಬಿಟ್ಟ ವಾಲ್ವ್‌ಮನ್. ಬೀದಿಯವರ ಮಾತೆಲ್ಲ ಅವನ ಕಿವಿಗೆ ಬೀಳದೆ ಎಲ್ಲಿಗೂ ಹೋಗುತ್ತಿರಲಿಲ್ಲ. ಮನೆಗೆ ಬಂದ ತಕ್ಷಣ ತಿಮ್ಮಮ್ಮ ಅವನನ್ನು ಎದುರಿಗೆ ಕೂರಿಸಿಕೊಂಡಳು.

"ಎಷ್ಟು ದಿನದಿಂದ ಗೊತ್ತಿತ್ತು ನಿಮಗೆ?"

ಮಹದೇವಯ್ಯ ಟವಲ್ಲಿನಿಂದ ಮುಖ ಒರೆಸಿಕೊಂಡ. "ನಾಕು ವರ್ಷ ಆಗಿರ್ಬೋದು."

"ಬೀದಿಯೋರಿಗೆ?"

"ಎಲ್ರಿಗೂ ಗೊತ್ತು ಕಣೇ. ಮೇಷ್ಟ್ರೇ ಮೊದ್ಲು ಕಂಡುಹಿಡ್ದಿದ್ದು. ನನ್ನ ಪಕ್ಕಕ್ಕೆ ಕರ್ದು, ಆಯಮ್ಮಂಗೆ ಹೇಳ್ಬೇಡ ಮಾದೇವಯ್ಯ, ಒಂದು ಮೊಳದ ಬದ್ಲು ನಾವೆಲ್ಲ ಎರಡು ತಗೊತೀವಿ, ನೊಂದ್ಕೊಳದು ಬೇಡ ಅಂದ್ರು. ಪ್ರೀತಿಗೆ ಮಾಡಿದ್ದು."

"ಪ್ರೀತಿಯಂತೆ ಪ್ರೀತಿ!" ತಿಮ್ಮಮ್ಮ ಕೂಗಿದ್ದಕ್ಕೆ ಒಳಗೆ ಹೂ ಕಟ್ಟುತ್ತಿದ್ದ ಸುಷ್ಮಿತಾ ಎದ್ದು ಬಂದಳು. "ಎಲ್ರೂ ಸೇರ್ಕೊಂಡು ನನ್ನ ಕಳ್ಳಿ ಮಾಡ್ಬುಟ್ರಲ್ರೀ! ಹತ್ತೊಂಬತ್ತು ವರ್ಷ ನೋವು ತಿಂದಿವ್ನಿ, ಒಂದಿನ ಯಾರ ಮುಂದಾದ್ರೂ ಕೈ ಒಡ್ಡಿದ್ನಾ? ನಾಕು ವರ್ಷದಿಂದ ನಂಗೆ ಭಿಕ್ಷೆ ಹಾಕ್ತಿದ್ರಿ, ನಾನು ವ್ಯಾಪಾರ ಅಂದ್ಕೊಂಡು ಹೆಮ್ಮೆಪಡ್ತಿದ್ದೆ. ಆ ಹುಡುಗಿ ಒಬ್ಳು ನಂಗೆ ಮರ್ಯಾದೆ ಕೊಟ್ಟೋಳು."

ಅಷ್ಟು ಹೇಳಿ ಅತ್ತಳು. ದೊಡ್ಡತ್ತೆ ಎಷ್ಟೇ ಕಾಡಿದರೂ ಹೀಗೆ ಬಾಯಿಬಿಟ್ಟು ಅತ್ತವಳಲ್ಲ.

ಮಾತು ಕೊಟ್ಟಂತೆ ತಿಮ್ಮಮ್ಮ ಮನೆಯಲ್ಲಿ ಕೂತಳು. ಚಂದ್ರು ಖುಷಿಯಿಂದ ಹೊಸ ದಿಂಬು ತಂದುಕೊಟ್ಟ. ಎರಡೇ ದಿನದಲ್ಲಿ ಅವನ ಖುಷಿ ಇಳಿಯಿತು. ಏಕೆಂದರೆ ದೊಡ್ಡತ್ತೆಗೆ ಈಗ ದಿನವಿಡೀ ಬಿಡುವು. ಬೆಳಿಗ್ಗೆ ಏಳಕ್ಕೆ ಸಡಿಲವಾಗುತ್ತಿದ್ದ ಬೆರಳು ಹತ್ತಾದರೂ ಸಡಿಲವಾಗದು. ಹೋಗಬೇಕಾದ ಜಾಗವಿಲ್ಲದವಳು ಐದಕ್ಕೆ ಏಕೆ ಏಳಬೇಕು, ಬಕೆಟ್ಟಿಗೆ ಏಕೆ ಕೈ ಬಿಡಬೇಕು? ಹೊರಗೆ ಹೋದರೆ ಸಿಗುವ ಹತ್ತು ಮಾತು, ನಾಲ್ಕು ಜಗಳ, ಎರಡು ನಗು ಇದ್ದಾಗ ನೋವು ಒಂದು ಮೂಲೆಯಲ್ಲಿ ಕೂತಿರುತ್ತಿತ್ತು. ಈಗ ಅದಕ್ಕೆ ಇಡೀ ಮನೆ ಸಿಕ್ಕಿತು. ಸುಷ್ಮಿತಾ ಕಟ್ಟಿದ ಹೂವನ್ನು ಮಹದೇವಯ್ಯ ಅಂಗಡಿಯೊಂದಕ್ಕೆ ಹಾಕಿ ಬರುತ್ತಿದ್ದ. ತಿಮ್ಮಮ್ಮ ಗೋಡೆಗೊರಗಿ, ಸೊಸೆಯ ಬೆರಳು ಓಡುವುದನ್ನೇ ನೋಡುತ್ತ ಮಾರುಕಟ್ಟೆಯ ಆ ಕಾಲಕ್ಕೆ ಹೋಗಿಬಿಡುತ್ತಿದ್ದಳು. ಅಲ್ಲಿಂದ ಹಿಂದಕ್ಕೆ ಬರುವುದೇ ಅವಳಿಗೆ ಬೇಡವಾಗಿತ್ತು.

ಹನ್ನೆರಡನೆಯ ದಿನ ಸುಷ್ಮಿತಾ ಎಲ್ಲಿಂದಲೋ ಒಂದು ಮರದ ಪಟ್ಟಿ ತಂದಳು. ಒಂದೂವರೆ ಅಡಿಗೆ ಸರಿಯಾಗಿ ಕೊಯ್ಯಿಸಿದ್ದಳು.

"ಅತ್ತೆ, ಇದರಲ್ಲಿ ಅಳೆದುಕೊಡಿ. ಯಾರೂ ಏನೂ ಅನ್ನಲ್ಲ."

"ಹೂವ ಕೋಲಲ್ಲಿ ಅಳ್ಯಕ್ಕೆ ಇದೇನು ಬಟ್ಟೆ ಅಂಗ್ಡಿಯೇನೇ? ಮೈ ಮುಟ್ದಿರ ಅಳ್ದಿದ್ದು ಮೊಳ ಆಯ್ತದಾ?"

"ಹಾಗಾದ್ರೆ ನಾನೇ ಬಂದು ನನ್ ಕೈಲಿ ಅಳೀತೀನಿ."

"ನೀನು ಬಂದ್ರೆ ಕಟ್ಟೋರು ಯಾರು? ನಿಮ್ಮಾವನಾ?"

ಸುಷ್ಮಿತಾಳಿಗೂ ಮನುಷ್ಯರ ತಾಳ್ಮೆಯಷ್ಟೇ ತಾಳ್ಮೆ. ಹನ್ನೆರಡು ದಿನದ ಗೊಣಗಾಟ ಕೇಳಿದ್ದಳು. ಪಟ್ಟಿಯನ್ನು ಮೂಲೆಗೆಸೆದು, "ಅದೂ ಬೇಡ, ಇದೂ ಬೇಡ! ಹಾಗಿದ್ರೆ ಕೊಳ್ಳೋರೇ ಅವರವರ ಕೈಲಿ ಅಳ್ಕೊಂಡು ಹೋಗ್ಲಿ ಬಿಡಿ!" ಎಂದು ರೇಗಿದಳು.

ತಿಮ್ಮಮ್ಮ ಗೋಡೆ ಬಿಟ್ಟು ನೆಟ್ಟಗೆ ಕೂತಳು. ಸೊಸೆ ಹೆದರಿ, ಹೆಚ್ಚಿಗೆ ಮಾತಾಡಿಬಿಟ್ಟೆನೇ ಎಂದುಕೊಂಡಳು.

"ಏನಂದೆ? ಇನ್ನೊಂದ್ಸಲ ಅನ್ನು" ಎಂದಳು ತಿಮ್ಮಮ್ಮ.

ಮರುದಿನ ಐದಕ್ಕೆ ಬಕೆಟ್ಟಿನಲ್ಲಿ ಕೈ ಬಿಟ್ಟುಕೊಂಡು ಕೂತ ಅವ್ವನನ್ನು ನೋಡಿ ಚಂದ್ರು, "ಮಾತು ಕೊಟ್ಟಿದ್ದೆ ನೀನು" ಎಂದ.

"ಬುಟ್ಟಿ ಎತ್ತೀನಿ ಅಂದಿದ್ದೆ, ಎತ್ತಿದ್ದೆ. ಮತ್ತೆ ಇಡಾಕಿಲ್ಲ ಅಂದಿದ್ನಾ?"

ಹನ್ನೆರಡು ದಿನದಲ್ಲಿ ಅವ್ವನ ಮುಖ ಏನಾಗಿತ್ತೆಂದು ಚಂದ್ರುವೂ ನೋಡಿದ್ದ. ಅವತ್ತು ಸ್ಕೂಟರಿಗೆ ಅವನೇ ಬುಟ್ಟಿ ಕಟ್ಟಿದ.

ಹೊಂಗೆ ಮರದ ಕೆಳಗೆ ಹೊಸ ಕಾಯಿದೆ ಜಾರಿಗೆ ಬಂತು. ತಿಮ್ಮಮ್ಮ ಕುರ್ಚಿಯಲ್ಲಿ ಕೂತು, "ನನ್ ಕೈ ಸುಳ್ಳು ಹೇಳ್ತದೆ. ನಿಮ್ ನಿಮ್ ಕೈಲೇ ಅಳ್ಕೊಳ್ಳಿ. ನಾಕು ಹೂವ ಕೊಸರು ಮಾತ್ರ ನಾನು ಕೊಡ್ತೀನಿ" ಎಂದು ಬಂದವರಿಗೆಲ್ಲ ಹೂವಿನ ಉಂಡೆಯನ್ನೇ ಮುಂದೆ ಮಾಡಿದಳು. ಮೊದಮೊದಲು ಯಾರೂ ಮುಟ್ಟಲಿಲ್ಲ. ಸಾವಿರಾರು ಮೊಳ ಕೊಂಡವರಿಗೂ ಒಂದು ಮೊಳ ಅಳೆಯಲು ಬರದು. ಆರಡಿ ಎತ್ತರದ ದಿನಸಿ ಅಂಗಡಿಯ ಗುರುಮಲ್ಲಪ್ಪ ತನ್ನ ಕೈಯ ಉದ್ದಕ್ಕೆ ತಾನೇ ನಾಚಿ, "ಇದು ಜಾಸ್ತಿ ಆಯ್ತು ಕಣಮ್ಮ" ಎಂದ. "ನಿಮ್ಮವ್ವನ ಕೇಳು, ಅಷ್ಟುದ್ದ ಯಾಕೆ ಹೆತ್ಲು ಅಂತ" ಎಂದಳು ತಿಮ್ಮಮ್ಮ. ಬೀದಿ ನಕ್ಕಿತು. ಸುದರ್ಶನ ಮೇಷ್ಟ್ರು ಮಾತ್ರ ದೂರದಲ್ಲೇ ನಿಂತಿದ್ದರು.

"ಬನ್ನಿ ಮೇಷ್ಟ್ರೇ. ನಾಕು ವರ್ಷ ನಂಗೆ ತಪ್ಪು ಲೆಕ್ಕ ಹೇಳ್ಕೊಟ್ರಲ್ಲ, ಇವತ್ತು ಸರಿಯಾಗಿ ಅಳೀರಿ. ಎರಡು ಮೊಳ ಬೇಡ, ನಿಮ್ ಮನೆಗೆ ಬೇಕಾಗಿರೋದು ಒಂದೇ."

ಮೇಷ್ಟ್ರ ಕಣ್ಣು ಒದ್ದೆಯಾಯಿತು. "ತಪ್ಪಾಯ್ತು ತಿಮ್ಮಮ್ಮನವ್ರೇ" ಎಂದು, ಒಂದೇ ಮೊಳ ಅಳೆದುಕೊಂಡು ಹೋದರು.

ಕೊನೆಗೆ ಧರಣಿ ಬಂದಳು. ಬೀದಿಯವರು ಯಾರೋ ಅವಳಿಗೆ ಎಲ್ಲ ಹೇಳಿದ್ದಿರಬೇಕು, ತಲೆ ತಗ್ಗಿಸಿಕೊಂಡೇ ಬಂದಳು. ತಿಮ್ಮಮ್ಮ ಉಂಡೆ ಮುಂದೆ ಮಾಡಿದಳು. ಹುಡುಗಿ ಹೂವಿನ ತುದಿಯನ್ನು ಮೊಣಕೈಗೆ ಒತ್ತಿಕೊಂಡು ಎಳೆದಳು. ಎಳೆಯುತ್ತ ಎಳೆಯುತ್ತ, ಯಾರಿಗೂ ಕಾಣದು ಅಂದುಕೊಂಡು, ತನ್ನ ಬೆರಳುಗಳನ್ನು ಮೆಲ್ಲಗೆ ಒಳಕ್ಕೆ ಮಡಿಸಿಕೊಂಡಳು. ತಿಮ್ಮಮ್ಮನ ಕೈ ಹೇಗಿತ್ತೋ ಹಾಗೆ.

ತಿಮ್ಮಮ್ಮನಿಗೆ ಅದು ಕಾಣದೆ ಇರುತ್ತದೆಯೇ? ಸೊಟ್ಟಗಾದ ತನ್ನ ಕೈ ಮುಂದಕ್ಕೆ ಚಾಚಿ, ಹುಡುಗಿಯ ಬೆರಳುಗಳ ಮೇಲೆ ಫಟ್ಟನೆ ಒಂದು ಹೊಡೆದಳು. ಹೊಡೆದದ್ದಕ್ಕೆ ಅವಳ ಕೈಗೇ ಹೆಚ್ಚು ನೋವಾಯಿತು, ಮೊಣಕೈವರೆಗೂ ಚುಳ್ಳೆಂದಿತು.

"ನಿನ್ ಬೆರಳಿಗೇನಾಗದೆ ರೋಗ? ನೆಟ್ಟಗವೆ, ನೆಟ್ಟಗೆ ಚಾಚು."

ಧರಣಿ ಬೆರಳು ಚಾಚಿದಳು.